ಗಿಟಾರಿನ ಕತ್ತಿಗೆ ಕಾಲು ಸುತ್ತು

ಜೂನ್ 12, ಗುರುವಾರ

ಪೆಟ್ಟಿಗೆ ಬಂದೇಬಿಟ್ಟಿತು. ಕೊರಿಯರಿನವನು ಗೇಟಿನ ಹತ್ತಿರ ಇಳಿಸಿ ಸಹಿ ಕೇಳಿದ. ಗಡಿಬಿಡಿಯಲ್ಲಿ ಸಹಿ ಜೇಡನ ಕಾಲಿನ ಹಾಗಾಯಿತು. ನಾಳೆ ಯಾರಾದರೂ ಇದು ರಂಜಿನಿಯ ಸಹಿ ಅಲ್ಲ ಎಂದರೆ ಏನು ಮಾಡುವುದು?

ಅಣ್ಣ ಕಿಟಕಿಯಿಂದ ನೋಡಿದ. ಹೊರಗೆ ಬರಲಿಲ್ಲ. "ಒಳಗೆ ತರಬೇಡ ರಂಜಿ. ಬಂದ ದಾರಿಯಲ್ಲೇ ಕಳಿಸು" ಎಂದ. ಅಷ್ಟರಲ್ಲಿ ಗಾಡಿ ಮುಖ್ಯರಸ್ತೆ ಮುಟ್ಟಿತ್ತು, ಮಳೆಯೂ ಹನಿಯತೊಡಗಿತ್ತು. ನನ್ನ ಹೊಲಿಗೆ ಕೋಣೆಗೆ ಎಳೆದು ತಂದೆ.

ಬ್ಲೌಸ್ ಅಳತೆಯ ಪುಸ್ತಕದ ಹಿಂದಿನಿಂದ ಇದನ್ನು ಬರೆಯುತ್ತಿದ್ದೇನೆ. ಮುಂದಿನಿಂದ ಗಿರಾಕಿಗಳ ತೋಳು, ಎದೆ, ಸೊಂಟ. ಹಿಂದಿನಿಂದ ನನ್ನ ತಲೆಬಿಸಿ. ಅಪ್ಪನಿಗೆ ಹೇಳಿದರೆ ಅವರೂ ಊಟ ಬಿಡುತ್ತಾರೆ. ದೇವಸ್ಥಾನದ ಪೂಜೆಯಲ್ಲಿ ಮಂತ್ರ ತಪ್ಪುತ್ತಾರೆ. ಆಮೇಲೆ ಅದೂ ನನ್ನ ತಲೆಗೇ ಬರುತ್ತದೆ.

ಈ ಬೇಸ್ ಗಿಟಾರಿಗೆ ಅಣ್ಣ ಎರಡು ವರ್ಷದ ಹಿಂದೆ ಹೇಳಿ ಇಟ್ಟಿದ್ದ. ಯುರೋಪಿನ ಯಾವುದೋ ಊರಿನಲ್ಲಿ ಇಬ್ಬರೇ ಕೂತು ಕೈಯಿಂದ ಮಾಡುತ್ತಾರಂತೆ. ಬಾರಿಸುವವನ ಎಡಗೈಗೆ ಸರಿಯಾಗಿ ಗಿಟಾರಿನ ಕತ್ತು ಕೆತ್ತುತ್ತಾರೆ. ಅದಕ್ಕೆ ಅಂಗೈಯನ್ನು ಕಾಗದದ ಮೇಲಿಟ್ಟು ಗೆರೆ ಎಳೆದು ಕಳಿಸಬೇಕಿತ್ತು. ಎಳೆದದ್ದು ನಾನು. ಟೇಪಿನಲ್ಲಿ ಒಂದೊಂದು ಬೆರಳನ್ನೂ ಅಳೆದು ಬರೆದದ್ದು ನಾನು. "ಅರ್ಧ ಇಂಚು ಲೂಸ್ ಬಿಡು ಮಾರಾಯ್ತಿ, ಮುಂದೆ ದಪ್ಪ ಆದ್ರೆ?" ಎಂದು ಅಣ್ಣ ನಗಾಡಿದ್ದ.

ಮಾರ್ಚ್ ತಿಂಗಳಲ್ಲಿ ಬಿಕರ್ನಕಟ್ಟೆಯ ಹತ್ತಿರ ಅವನ ಸ್ಕೂಟರ್ ಜಾರಿತು. ಎಲುಬು ಮುರಿಯಲಿಲ್ಲ. ಎಡ ಹೆಗಲಿನ ಒಳಗೆ ನರ ಎಳೆದುಹೋಯಿತು. ಕೈ ಈಗ ಕೊರಳಿನ ಪಟ್ಟಿಯಲ್ಲಿ ನೇತಾಡುತ್ತದೆ, ಬೆರಳು ಮಡಚುವುದಿಲ್ಲ. ಒಂದೂವರೆ ವರ್ಷ ಕಾದು ನೋಡಬೇಕು, ಬಂದರೆ ಬಂತು, ಎಂದಿದ್ದಾರೆ ಡಾಕ್ಟರು. ಹದಿನೆಂಟು ವರ್ಷ ರಸಮಂಜರಿ ಸ್ಟೇಜಿನಲ್ಲಿ ಬೇಸ್ ಬಾರಿಸಿದವನು ಈಗ ಮೊಬೈಲಿನಲ್ಲಿ ಸೌಂಡ್ ತೆಗೆದು ಕ್ರಿಕೆಟ್ ನೋಡುತ್ತಾನೆ. ಮನೆಯಲ್ಲಿ ಒಂದು ಹಾಡು ಹಾಕಲಿಕ್ಕಿಲ್ಲ.

ಆ ಕೈಗೆ ಹೊಲಿಸಿದ ಅಂಗಿ ಬಂದು ನನ್ನ ಕೋಣೆಯಲ್ಲಿ ಮಲಗಿದೆ.

ಜೂನ್ 14, ಶನಿವಾರ

ತೆರೆದೆ. ತಪ್ಪಾ ಸರಿಯಾ ಗೊತ್ತಿಲ್ಲ. ಎರಡು ದಿನದಿಂದ ಸುರಿಯುತ್ತಿದೆ. ನನ್ನ ಕತ್ತರಿಯೂ ತುಕ್ಕು ಹಿಡಿದಿದೆ. ಪೆಟ್ಟಿಗೆಯೊಳಗೆ ಬೂಷ್ಟು ಬಂದರೆ ಯಾರು ಜವಾಬ್ದಾರಿ? ಗಾಳಿಗೆ ಇಟ್ಟು ಮುಚ್ಚುತ್ತೇನೆ ಎಂದುಕೊಂಡು ಟೇಪು ಕತ್ತರಿಸಿದೆ.

ಹಳೆ ಹಲಸಿನ ತಿರುಳಿನ ಬಣ್ಣ. ನಾಲ್ಕು ತಂತಿ, ದಪ್ಪದ್ದು ಸೈಕಲ್ ಬ್ರೇಕಿನ ಕೇಬಲಿನಷ್ಟು. ಎಲ್ಲೂ ಹೊಳಪು ಬಳಿದಿಲ್ಲ, ಮುಟ್ಟಿದರೆ ಮಗುವಿನ ಬೆನ್ನು ಮುಟ್ಟಿದ ಹಾಗೆ. ಕತ್ತಿನ ಹಿಂದೆ ಕೈ ಆಡಿಸಿದೆ. ಹೆಬ್ಬೆರಳು ಕೂರುವಲ್ಲಿ ಮರ ಒಂದು ಚೂರು ತಗ್ಗು. ಅಣ್ಣನ ಕೈಯೇ ಹಿಡಿದ ಹಾಗಾಯಿತು. ಚಿಕ್ಕಂದಿನಲ್ಲಿ ರಸ್ತೆ ದಾಟಿಸುವಾಗ ಹೀಗೇ ಹಿಡಿಯುತ್ತಿದ್ದ. ಅಳು ಬಂತು. ಮರಕ್ಕೆ ಕಣ್ಣೀರು ಬಿದ್ದರೆ ಕಲೆ ಆಗುತ್ತದೋ ಎಂದು ಬೇಗ ಒರೆಸಿದೆ.

ಒಳಗೆ ಒಂದು ಪುಸ್ತಿಕೆ, ಸ್ಕ್ರೂ ತಿರುಗಿಸುವ ಎರಡು ಪುಟ್ಟ ಅಲೆನ್ ಕೀ. ಪುಸ್ತಿಕೆ ಪೂರ್ತಿ ಇಂಗ್ಲಿಷು. ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆಯಲ್ಲಿ ತಲೆತಿರುಗಿ ಬಿದ್ದವಳು ನಾನು. ಮತ್ತೆ ಆ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಇಂಗ್ಲಿಷ್ ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಮೊದಲ ಶಬ್ದ ಮರೆತುಹೋಗುತ್ತದೆ. ಒಂದು ಕಡೆ ಮಳೆಹನಿಯ ಚಿತ್ರಕ್ಕೆ ಅಡ್ಡಗೆರೆ ಹಾಕಿದ್ದರು. ಅಷ್ಟು ಅರ್ಥವಾಯಿತು. ಒದ್ದೆ ಆಗಬಾರದು.

ಅಮ್ಮ ಇದ್ದಾಗಿನಿಂದ ನಮ್ಮಲ್ಲಿ ಮಳೆಗಾಲ ಪೂರ್ತಿ ಕಪಾಟಿನೊಳಗೆ ಒಂದು ನಲವತ್ತರ ಬಲ್ಬು ಉರಿಯುತ್ತದೆ. ಅಪ್ಪ ಪೂಜೆಗೆ ಉಡುವ ಪಟ್ಟೆಮಡಿ, ಗಿರಾಕಿಗಳ ರೇಷ್ಮೆ, ಎಲ್ಲ ಅದರ ಬಿಸಿಯಲ್ಲಿ ಒಣಗಿಯೇ ಇರುತ್ತದೆ. ಸೀರೆಗಳನ್ನು ಒಂದು ಕಡೆ ಸರಿಸಿ ಗಿಟಾರನ್ನು ನಿಲ್ಲಿಸಿದೆ. ಬಲ್ಬಿಗೆ ಹತ್ತಿರವೇ. ಈಗ ಸ್ವಲ್ಪ ನೆಮ್ಮದಿ.

ಜೂನ್ 22, ಭಾನುವಾರ

ಹಿಶಾಮ್ ಬಂದಿದ್ದ. ಅಣ್ಣನ ಜೊತೆ ಕೀಬೋರ್ಡ್ ಬಾರಿಸುವವನು, ಬಿಜೈಯಲ್ಲಿ ವಾದ್ಯದ ಅಂಗಡಿ ಉಂಟು. ಸುಘೋಷ ಎಂಬ ಹೆಸರಿದ್ದರೂ ಅಣ್ಣನನ್ನು ಅವನು ಕರೆಯುವುದೇ ಭಟ್ರೇ ಎಂದು.

"ಭಟ್ರೇ, ಗಿಟಾರು ತಗೊಳ್ಳುವ ಪಾರ್ಟಿ ಸಿಕ್ಕಿತು. ಕುಂದಾಪುರದಲ್ಲಿ ಒಬ್ರು ಹಲ್ಲಿನ ಡಾಕ್ಟ್ರು ಇದ್ದಾರೆ, ಮೊರಿಸ್ ಅಂತ. ಒಳ್ಳೆ ಬಾರಿಸ್ತಾರೆ. ಇಂಥದ್ದೇ ಬೇಕಂತೆ. ಈಗ ಮಗಳ ಹತ್ರ ಹೋಗಿದ್ದಾರೆ, ಆಗಸ್ಟಲ್ಲಿ ಬಂದು ನೋಡ್ತಾರಂತೆ."

"ನೋಡ್ಲಿಕ್ಕೆ ಎಂತ ಉಂಟು? ತಗೊಂಡು ಹೋಗ್ಲಿ" ಎಂದ ಅಣ್ಣ, ಮೊಬೈಲಿನಿಂದ ಕಣ್ಣು ತೆಗೆಯದೆ. "ಈ ಮನೆಯಲ್ಲಿ ಅದು ಬೇಡ. ಅಷ್ಟೇ."

ಹಿಶಾಮ್ ನನ್ನ ಕೋಣೆಗೆ ಬಂದ. ಕಪಾಟು ತೆರೆದವನು ಅಲ್ಲೇ ನಿಂತ.

"ಅಕ್ಕ, ಈ ಬಲ್ಬ್?"

"ಬೂಷ್ಟು ಬರ್ತದಲ್ಲ."

"ಎಷ್ಟು ದಿನ ಆಯ್ತು?"

"ಎಂಟು."

ಗಿಟಾರು ಹೊರತೆಗೆದು ಒಂದು ತಂತಿ ಮೀಟಿದ. ಜಿರ್ರ್ ಎಂದಿತು, ಬಾಟ್ಲಿಯೊಳಗೆ ಸಿಕ್ಕಿಬಿದ್ದ ನೊಣದ ಹಾಗೆ. ಕತ್ತಿನ ಅಂಚಿನಲ್ಲಿ ನನ್ನ ಬೆರಳು ಆಡಿಸಿದ. ಫ್ರೆಟ್ ಎನ್ನುವ ಲೋಹದ ಗೆರೆಗಳ ತುದಿ ಮುಳ್ಳಿನ ಹಾಗೆ ಚುಚ್ಚಿತು. ಮರ ಒಣಗಿ ಕುಗ್ಗಿದೆ, ಲೋಹ ಕುಗ್ಗಲಿಲ್ಲ. ಕತ್ತು ಹಿಂದಕ್ಕೆ ಬಾಗಿದೆ.

"ಹಪ್ಪಳ ಒಣಗಿಸಿದ ಹಾಗೆ ಒಣಗಿಸಿದ್ದೀರಲ್ಲ ಮಾರಾಯ್ರೆ" ಎಂದ, ಮೆತ್ತಗೆ. ಅಣ್ಣನಿಗೆ ಕೇಳದ ಹಾಗೆ. ನನ್ನ ಮುಖ ನೋಡಿ ಮತ್ತೆ ಹೇಳಿದ, "ಸತ್ತಿಲ್ಲ ಅಕ್ಕ. ಹೊರಗೆ ನೆರಳಲ್ಲಿ ಇಡಿ. ಹತ್ತು ದಿನ ಮುಟ್ಟಬೇಡಿ. ಆಮೇಲೂ ಸರಿಯಾಗದಿದ್ರೆ, ಕತ್ತಿನ ಒಳಗೆ ಒಂದು ಸರಳು ಉಂಟು, ಇಗೊಳ್ಳಿ, ಈ ತೂತಿಗೆ ಕೀ ಹಾಕಿ ಎಡಕ್ಕೆ ಕಾಲು ಸುತ್ತು ತಿರುಗಿಸಿದ್ರೆ ಮುಂದೆ ಬರ್ತದೆ. ಕಾಲು ಸುತ್ತು. ಹೆಚ್ಚಲ್ಲ."

"ಅಂಗಡಿಗೆ ಕೊಂಡೋಗ್ತೀಯಾ?"

"ಈ ಮಳೆಯಲ್ಲಿ ಬೈಕಲ್ಲಾ? ನೀವೇ ಒಂದು ದಿನ ಬಸ್ಸಲ್ಲಿ ತನ್ನಿ."

ನನಗೆ ಬಸ್ಸು ಆಗುವುದಿಲ್ಲ. ಒಬ್ಬಳೇ ಪೇಟೆಗೆ ಹೋಗದೆ ಆರು ವರ್ಷ ಆಯಿತು. ಜನ ಒತ್ತಿದರೆ ಉಸಿರು ಕಟ್ಟುತ್ತದೆ. ಹಿಶಾಮನಿಗೆ ಅದನ್ನು ಹೇಳಲಿಲ್ಲ.

ಇಷ್ಟು ದೂರದಿಂದ ಒಂದು ಗೀರೂ ಆಗದೆ ಬಂದದ್ದನ್ನು ನಾನು ಎಂಟು ದಿನದಲ್ಲಿ ಹಾಳು ಮಾಡಿದೆ. ಡಾಕ್ಟರು ಬಂದು ಬೇಡ ಎನ್ನುತ್ತಾರೆ. ಅಣ್ಣ ಯಾಕೆ ಎಂದು ಕೇಳುತ್ತಾನೆ. ಅಪ್ಪನಿಗೆ ತಿಳಿಯುತ್ತದೆ. ಕೈ ಹೋದವನ ಗಿಟಾರೂ ಹೋಯಿತು ಎಂದು ಊರೆಲ್ಲ ಹೇಳುತ್ತದೆ. ನನ್ನಿಂದ.

ಜೂನ್ 25

ಹತ್ತು ದಿನ ಕಾಯಲಿಕ್ಕೆ ಆಗಲಿಲ್ಲ. ಎಡಕ್ಕೆ ಕಾಲು ಸುತ್ತು ತಿರುಗಿಸಿದೆ. ಹೊಲಿಗೆ ಮಿಷನಿನಲ್ಲಿ ನೂಲು ಬಿಗಿಯಾದರೆ ಸ್ಕ್ರೂ ಸಡಿಲಿಸುವುದಿಲ್ಲವಾ, ಹಾಗೇ. ಜಿರ್ರ್ ಹೋಗಲಿಲ್ಲ.

ಜೂನ್ 26

ಇನ್ನೊಂದು ಕಾಲು ಸುತ್ತು.

ಜೂನ್ 28

ಇನ್ನೊಂದು. ಸ್ವಲ್ಪ ಕಡಿಮೆ ಆಯಿತಾ? ಅಥವಾ ನನ್ನ ಕಿವಿಗೆ ಅಭ್ಯಾಸ ಆಯಿತಾ?

ಜುಲೈ 4, ಶುಕ್ರವಾರ

ಈಗ ತಂತಿಗಳು ಕತ್ತಿನಿಂದ ಎದ್ದು ನಿಂತಿವೆ. ನಡುವೆ ನಾಲ್ಕು ಬೆಂಕಿಕಡ್ಡಿ ಜೋಡಿಸಿಡಬಹುದು. ಒತ್ತಿದರೆ ಬೆರಳು ಕಡಿಯುತ್ತದೆ. ಜಿರ್ರ್ ಹೋಯಿತು, ಬಾರಿಸಲಿಕ್ಕೇ ಆಗದ ಹಾಗಾಯಿತು. ನಾನು ಮಿಷನಿನ ಮೇಲೆ ತಲೆಯಿಟ್ಟು ಅತ್ತೆ. ಸದ್ದು ಕೇಳದಿರಲಿ ಎಂದು ಪೆಡಲ್ ತುಳಿಯುತ್ತ ಅತ್ತೆ.

ನಮ್ಮದು ಹಂಚಿನ ಮನೆ. ನನ್ನ ಕೋಣೆಗೂ ಅಣ್ಣನ ಕೋಣೆಗೂ ನಡುವಿನ ಗೋಡೆ ಮಾಡಿನವರೆಗೆ ಇಲ್ಲ. ಮೇಲೆ ಎರಡು ಮೊಳ ತೆರೆದೇ ಇದೆ. ಅಲ್ಲಿಂದ ಅಣ್ಣನ ದನಿ ಬಂತು.

"ಎಷ್ಟು ತಿರುಗಿಸಿದೆ?"

ಪೆಡಲ್ ತುಳಿಯುವುದನ್ನು ನಿಲ್ಲಿಸಿದೆ.

"ರಂಜಿ. ಕತ್ತಿನ ಒಳಗಿನ ಸರಳು, ಟ್ರಸ್ ರಾಡ್, ಎಷ್ಟು ತಿರುಗಿಸಿದೆ ಅಂತ ಕೇಳಿದ್ದು."

"ಮುಕ್ಕಾಲು."

"ಒಮ್ಮೆಲೇ?"

"ನಾಲ್ಕು ದಿನದಲ್ಲಿ."

ಎಲ್ಲವನ್ನೂ ಹೇಳಿದೆ, ಬಲ್ಬಿನಿಂದ ಶುರುಮಾಡಿ. ಗೋಡೆಗೆ ಮುಖ ಮಾಡಿ ಹೇಳುವುದು ಸುಲಭ.

"ಕಪಾಟಿನಲ್ಲಿ ಬಲ್ಬ್ ಹಾಕಿ, ಅಪ್ಪನ ಪಟ್ಟೆಯ ಜೊತೆಗೆ?" ಎಂದ. ಒಂದು ಸದ್ದು ಬಂತು. ಕೆಮ್ಮೋ ನಗುವೋ. "ಅದು ಮಿಷನ್ ಅಲ್ಲ ಮಾರಾಯ್ತಿ, ಮರ. ನೀನು ತಿರುಗಿಸಿದ್ದು ಅದಕ್ಕೆ ನಾಳೆ ಗೊತ್ತಾಗ್ತದೆ. ಅಷ್ಟರಲ್ಲಿ ಮಳೆಯ ತೇವ ಕುಡಿದು ಅದೇ ಸರಿಯಾಗ್ಲಿಕ್ಕೆ ಹೊರಟಿತ್ತು. ಎರಡೂ ಸೇರಿ ಹೆಚ್ಚಾಯ್ತು. ಈಗ ಬಲಕ್ಕೆ ಕಾಲು ಸುತ್ತು. ಆಮೇಲೆ ನಾಡಿದ್ದಿನವರೆಗೆ ಕೈ ಕಟ್ಟಿ ಕೂತ್ಕೊ."

ಕೂತಿದ್ದೇನೆ.

ಜುಲೈ 9, ಬುಧವಾರ

ಅಣ್ಣ ಗೋಡೆಯ ಈಚೆ ಬರುವುದಿಲ್ಲ. ಆಚೆಯಿಂದ ಹೇಳುತ್ತಾನೆ, ನಾನು ಮಾಡುತ್ತೇನೆ. ಡಾಕ್ಟರು ಬರುವಾಗ ಸರಿ ಇರಬೇಕಲ್ಲ ಎನ್ನುತ್ತಾನೆ. ಅದಕ್ಕೋಸ್ಕರವಷ್ಟೇ ಅಂತೆ.

ತಂತಿಯನ್ನು ಎಲ್ಲೂ ಒತ್ತದೆ ಮೀಟಬೇಕು. ಮತ್ತೆ ಹನ್ನೆರಡನೆಯ ಫ್ರೆಟ್ಟಿನಲ್ಲಿ ಒತ್ತಿ ಮೀಟಬೇಕು. ಎರಡೂ ಒಂದೇ ಸ್ವರ ಆಗಬೇಕು, ಕೆಳಗಿನದು ಮತ್ತು ಮೇಲಿನದು. ನಾನು ಮೀಟಿದೆ.

"ಮೇಲಿನದು ಏರು ಉಂಟು. ಕುದುರೆಯನ್ನು ಹಿಂದೆ ತೆಗಿ."

ಕುದುರೆ ಎಂದರೆ ತಂತಿಯ ಬುಡ ಕೂರುವ ಪುಟ್ಟ ಹಿತ್ತಾಳೆಯ ತುಂಡು, ವೀಣೆಯಲ್ಲಿ ಇದ್ದ ಹಾಗೆ. ಒಂದೊಂದು ತಂತಿಗೆ ಒಂದೊಂದು. ಸ್ಕ್ರೂ ತಿರುಗಿಸಿದರೆ ಕೂದಲೆಳೆಯಷ್ಟು ಸರಿಯುತ್ತದೆ. ಮತ್ತೆ ಮೀಟಿದೆ.

"ಇನ್ನೂ."

ಮತ್ತೆ.

"ಈಗ ಹೆಚ್ಚಾಯ್ತು. ಅರ್ಧ ವಾಪಸ್."

ನನಗೆ ಮೊದಲು ವ್ಯತ್ಯಾಸವೇ ಗೊತ್ತಾಗುತ್ತಿರಲಿಲ್ಲ. ಮೂರನೆಯ ತಂತಿಗೆ ಬರುವಾಗ ಅವನು ಹೇಳುವ ಮೊದಲೇ ನನ್ನ ಕೈ ಸ್ಕ್ರೂಗೆ ಹೋಯಿತು. "ಹ್ಞಾಂ" ಎಂದ ಆಚೆಯಿಂದ. ಅಷ್ಟೇ. ಬೆಳಿಗ್ಗೆಯಿಂದ ಒಂದು ಬ್ಲೌಸೂ ಆಗಲಿಲ್ಲ.

ಜುಲೈ 16

ಮೊನ್ನೆಯಿಂದ ಗಿಟಾರನ್ನು ಅಣ್ಣನ ಹಳೆಯ ಪುಟ್ಟ ಸ್ಪೀಕರಿಗೆ ಜೋಡಿಸಿ ಮೀಟುತ್ತಿದ್ದೆ, ಇವತ್ತು ಸ್ಪೀಕರಿನ ದನಿ ಪೂರಾ ನಿಂತುಹೋಗಿತ್ತು. ವಯರನ್ನು ಮತ್ತೆ ಒತ್ತಿ ಚುಚ್ಚಿದರೂ ಇಲ್ಲ. ಎಲ್ಲ ಸುಟ್ಟುಹೋಯಿತು ಎಂದುಕೊಂಡೆ. "ವಯರ್ ತೆಗೆಯದೆ ಹಾಗೇ ಬಿಟ್ಟೆಯಾ? ಒಳಗೆ ಬ್ಯಾಟರಿ ಉಂಟು, ಅದು ಖಾಲಿ. ಚಚ್ಚೌಕದ್ದು, ಒಂಬತ್ತು ವೋಲ್ಟಿಂದು" ಎಂದ ಅಣ್ಣ. ಇಲ್ಲೇ ನಮ್ಮ ವಾಮಂಜೂರಿನ ಎರಡು ಅಂಗಡಿಯಲ್ಲಿ ಇರಲಿಲ್ಲ. ಬಿಜೈಗೆ ಹೋಗಿ ಹಿಶಾಮನ ಅಂಗಡಿಯಿಂದ ತಂದೆ. ಬಸ್ಸಿನಲ್ಲಿ ಕಾಲಿಡಲು ಜಾಗ ಇರಲಿಲ್ಲ, ಕಂಡಕ್ಟರ್ ನನ್ನ ಕೊಡೆಯ ನೀರೆಲ್ಲ ತನ್ನ ಕಾಲಿಗೆ ಬಿತ್ತೆಂದು ಬೈದ. ಹೋಗಿ ಬರಲು ಎರಡು ಗಂಟೆ. ಬಂದ ಕೂಡಲೇ ಬ್ಯಾಟರಿ ಹಾಕಿದೆ. ದಪ್ಪ ತಂತಿಯನ್ನು ಮುಟ್ಟಿದರೆ ಸಾಕು, ಕಪಾಟಿನ ಬಾಗಿಲು ನಡುಗಿತು.

ಗೋಡೆಯಾಚೆ ಅಣ್ಣನ ಮಂಚ ಒಮ್ಮೆ ಕಿರುಗುಟ್ಟಿತು.

ಜುಲೈ 24, ಗುರುವಾರ

ಆಟಿ ಅಮಾವಾಸ್ಯೆ, ಪಾಲೆಯ ಕಷಾಯ ಕುಡಿಯುವ ದಿನ. ಅಪ್ಪ ನಸುಕಿಗೇ ಪಾಲೆಮರದ ತೊಗಟೆ ಕಲ್ಲಿನಿಂದ ಜಜ್ಜಿ ತಂದಿದ್ದರು. ಕಷಾಯ ಮಾಡಿ ಖಾಲಿ ಹೊಟ್ಟೆಗೆ ಮೂವರೂ ಕುಡಿದೆವು. ಕಹಿ ಎಂದರೆ ನಾಲಿಗೆ ಮರಗಟ್ಟುವ ಕಹಿ.

"ನರಕ್ಕೆ ಒಳ್ಳೆದು" ಎಂದರು ಅಪ್ಪ, ಅಣ್ಣನ ಮುಖ ನೋಡದೆ.

"ಹಾಗಾದ್ರೆ ಇನ್ನೊಂದು ಲೋಟ ಕೊಡಿ, ಕೈ ಮಧ್ಯಾಹ್ನಕ್ಕೇ ಎದ್ದು ನಿಲ್ತದಾ ನೋಡುವ" ಎಂದ ಅಣ್ಣ.

ಅಪ್ಪ ನಿಜವಾಗಿ ಇನ್ನೊಂದು ಲೋಟ ತಂದುಕೊಟ್ಟರು. ಅಣ್ಣ ಅವರನ್ನೇ ನೋಡಿದ. ತಮಾಷೆ ಮಾಡಿದ್ದು ಎಂದು ಹೇಳಲಿಲ್ಲ. ಕುಡಿದ.

ಮಧ್ಯಾಹ್ನ ಕೂತೆವು. ಜಿರ್ರ್ ಎನ್ನುವುದು ಮತ್ತೆ ಬರುತ್ತಿದೆ, ಒಮ್ಮೆ ಇದೆ, ಒಮ್ಮೆ ಇಲ್ಲ. ಅಣ್ಣ ತಂತಿ ಎತ್ತರಿಸಲು ಹೇಳಿದ, ಇಳಿಸಲು ಹೇಳಿದ. ಕೊನೆಗೆ, "ಗಿಟಾರಿಂದಾ, ನಿನ್ನ ಬಲಗೈಯದ್ದಾ ಗೊತ್ತಾಗುದಿಲ್ಲ. ನೀನು ಮೀಟುದಲ್ಲ, ತೆಂಗಿನಕಾಯಿ ಕೀಳುದು" ಎಂದ.

"ನೀನೇ ಬಂದು ಮೀಟು. ಬಲಗೈಗೆ ಎಂತ ಆಗಿದೆ ನಿಂಗೆ?"

ಹೇಗೆ ಬಾಯಿಗೆ ಬಂತೋ. ಸ್ವಲ್ಪ ಹೊತ್ತಿಗೆ ಅಣ್ಣ ಮೊಬೈಲಿನಲ್ಲಿ ಕ್ರಿಕೆಟ್ ಹಾಕಿದ್ದು ಕೇಳಿತು. ಸೌಂಡ್ ಹಾಕಿ, ಜೋರಾಗಿ.

ಜುಲೈ 25

ಅಣ್ಣನನ್ನು ಊಟಕ್ಕೆ ಕರೆದರೆ ತಟ್ಟೆ ಕೋಣೆಗೇ ತಾ ಎಂದ. ನನ್ನ ನಾಲಿಗೆಗೆ ಬೆಂಕಿ ಹಾಕಬೇಕು.

ಜುಲೈ 29

ಮಾತಿಲ್ಲ. ಗಿಟಾರನ್ನು ಬಟ್ಟೆಯಿಂದ ಒರೆಸಿ ಇಟ್ಟೆ. ಅಮೃತಾ ಟೀಚರ ಬ್ಲೌಸಿಗೆ ತೋಳು ತಿರುಗುಮುರುಗು ಹೊಲಿದೆ.

ಆಗಸ್ಟ್ 3, ಭಾನುವಾರ

ಡಾಕ್ಟರ್ ಮೊರಿಸ್ ಅವರೇ ಮನೆಯ ನಂಬರಿಗೆ ಫೋನು ಮಾಡಿದರು. ನಾನೇ ತೆಗೆದೆ. ಹದಿನೇಳಕ್ಕೆ ಬರುತ್ತಾರಂತೆ. ಒಳ್ಳೆಯ ದನಿ. ತಂತಿ ಯಾವ ಎತ್ತರಕ್ಕೆ ಇಟ್ಟಿದ್ದೀರಿ ಎಂದು ಕೇಳಿದರು, ಹೇಳಿದೆ. ಈ ಮಳೆಯಲ್ಲಿ ಕತ್ತು ಓಡಾಡುತ್ತಿದೆಯಾ ಎಂದು ಕೇಳಿದರು, ಈಗ ನಿಂತಿದೆ ಎಂದೆ. ಫೋನಿಟ್ಟು ತಿರುಗಿದರೆ ಅಣ್ಣ ಬಾಗಿಲಲ್ಲಿ ನಿಂತಿದ್ದಾನೆ. ನನ್ನ ಕೋಣೆಯ ಬಾಗಿಲಲ್ಲಿ.

"ಹದಿನೇಳಕ್ಕಾ?"

"ಹ್ಞೂಂ."

"ಹಾಗಾದ್ರೆ ಆ ಜಿರ್ರ್ ಎಲ್ಲಿಂದ ಅಂತ ನೋಡುವ. ಒಮ್ಮೆ ಮಾತ್ರ."

ಬಟ್ಟೆ ಕತ್ತರಿಸುವ ಬೆಂಚಿನ ಮೇಲೆ ಕೂತ. ನಾನು ಅವನ ಎಡಕ್ಕೆ ಕೂತೆ. ಗಿಟಾರಿನ ಹೊಟ್ಟೆ ಅವನ ತೊಡೆಯ ಮೇಲೆ, ಕತ್ತು ನನ್ನ ಮುಂದೆ. ಪಟ್ಟಿಯಲ್ಲಿದ್ದ ಅವನ ಕೈ ನಮ್ಮಿಬ್ಬರ ನಡುವೆ ಸಿಕ್ಕಿ ಗಿಟಾರಿಗೆ ಬಡಿಯುತ್ತಿತ್ತು. ನನ್ನ ಬಲಗೈಗೆ ಹೇಗೂ ಕೆಲಸ ಇರಲಿಲ್ಲ. ಅವನ ಮೊಣಕೈಯನ್ನು ಅದರಲ್ಲಿ ಹಿಡಿದುಕೊಂಡೆ. ತಣ್ಣಗಿತ್ತು. ಎಷ್ಟು ಸಪೂರ ಆಗಿದೆ. ಅಂದು ಅಳತೆ ತೆಗೆದ ಕೈ ಅಲ್ಲ ಅದು.

"ದಪ್ಪ ತಂತಿ, ಮೂರನೆಯ ಫ್ರೆಟ್ಟು ಒತ್ತು" ಎಂದ.

ಒತ್ತಿದೆ. ಅವನು ಮೀಟಿದ.

ಮೀಟಿದ ಎಂದು ಹೇಗೆ ಬರೆಯಲಿ. ಮಲಗಿದ ಮಗುವಿನ ಹಣೆಯ ಕೂದಲು ಸರಿಸಿದ ಹಾಗೆ. ಬೆಂಚಿನಿಂದ ನನ್ನ ಬೆನ್ನೆಲುಬಿಗೆ ಬಂತು ಸ್ವರ. ಜಿರ್ರ್ ಇಲ್ಲವೇ ಇಲ್ಲ.

"ನೋಡಿದಿಯಾ? ತೆಂಗಿನಕಾಯಿ" ಎಂದ.

"ನೋಡಿದೆ."

"ಐದು ಒತ್ತು."

ಒತ್ತಿದೆ. ಇನ್ನು ಅದು, ಇನ್ನು ಇದು ಎಂದು ಹೇಳುತ್ತ ಹೋದ. ಒಮ್ಮೆ ಮಾತ್ರ ಎಂದವನು ಅಪ್ಪ ದೇವಸ್ಥಾನದಿಂದ ಬಂದು ಚಪ್ಪಲಿ ಬಿಡುವವರೆಗೆ ಎದ್ದಿರಲಿಲ್ಲ.

ಆಗಸ್ಟ್ 6

ನನ್ನ ಬೆರಳು ಗಿಡ್ಡ. ಅಣ್ಣನ ಅಂಗೈಗೆ ಕೆತ್ತಿದ ಕತ್ತು ನನಗೆ ಅಣ್ಣನ ಅಂಗಿ ಹಾಕಿದ ಹಾಗೆ. ದಪ್ಪ ತಂತಿಯವರೆಗೆ ಕಿರುಬೆರಳು ಎಟಕುವುದಿಲ್ಲ, ಎಟಕಿದರೆ ಬಲ ಸಾಲುವುದಿಲ್ಲ. "ಎಲ್ಲ ತಂತಿ ಇಳಿಸು, ನಿಂಗೆ ಸುಲಭ ಆಗ್ಲಿ" ಎಂದ. ಇಳಿಸಿದೆ. ಈಗ ಅವನು ಸ್ವಲ್ಪ ಜೋರು ಮೀಟಿದರೂ ಜಿರ್ರ್. ಹಾಗಾಗಿ ಅವನು ಇನ್ನೂ ಮೆತ್ತಗೆ ಮೀಟಬೇಕು. ಮೆತ್ತಗೆ ಮೀಟಿದರೆ ಸದ್ದು ಸಾಲದು. ತಂತಿಯ ಅಡಿಯಲ್ಲಿ ಸದ್ದು ಹಿಡಿಯುವ ಪಟ್ಟಿ, ಪಿಕಪ್ ಅಂತ, ಅದನ್ನು ಏರಿಸಿದೆ. ಏರಿಸಿದ್ದು ಹೆಚ್ಚಾಯಿತು, ಇಳಿಸಿದೆ. ಒಂದು ಸ್ಕ್ರೂ ನನಗೆ, ಒಂದು ಅವನಿಗೆ.

"ಗಿರಾಕಿ ಒಬ್ಬಳೇ ಆದ್ರೆ ಬ್ಲೌಸ್ ಹೊಲಿಬಹುದು" ಎಂದೆ. "ಇಬ್ರಿಗೆ ಒಂದೇ ಬ್ಲೌಸ್ ಅಂದ್ರೆ ಹೇಗೆ?"

"ತೋಳು ನಿಂದು, ಕುತ್ತಿಗೆ ನಂದು" ಎಂದ. ಇಬ್ಬರಿಗೂ ನಗು ಬಂದು ಗಿಟಾರು ಜಾರಿತು. ಅವನು ಮೊಣಕಾಲಲ್ಲಿ ತಡೆದ. ನನಗೆ ಬೆವರು ಇಳಿಯಿತು, ಅವನು ಇನ್ನೂ ನಗುತ್ತಿದ್ದ.

ಆಗಸ್ಟ್ 10, ಭಾನುವಾರ

ಸಂಜೆ ಅಪ್ಪ ದೇವರ ಕೋಣೆಯಲ್ಲಿ ದೀಪ ಹಚ್ಚಿ ಮಂಗಳಾರತಿ ಹಾಡು ಹೇಳುತ್ತಾರಲ್ಲ, ಇವತ್ತೂ ಶುರುಮಾಡಿದರು. ನಾವು ಬೆಂಚಿನ ಮೇಲೆ ಇದ್ದೆವು. ನಿಲ್ಲಿಸುವ ಎಂದು ನಾನು ಕೈ ತೆಗೆದೆ. ಅಣ್ಣ ತಲೆ ಅಲ್ಲಾಡಿಸಿದ. ಅಪ್ಪನ ಶ್ರುತಿ ಹುಡುಕಿದ, ಅದು ಎರಡು ಫ್ರೆಟ್ಟಿನ ನಡುವೆ ಎಲ್ಲೋ ಇತ್ತು.

"ಇವರು ಯಾವತ್ತೂ ಹೀಗೆಯೇ, ಗೋಡೆಯ ಸಂದಿಯಲ್ಲಿ ಹಾಡುದು" ಎಂದು ಗೊಣಗಿ ತಂತಿ ಬಿಗಿಮಾಡುವ ಕಿವಿಗಳನ್ನು ಒಂದು ಚೂರು ತಿರುಗಿಸಲು ಹೇಳಿದ. ತಿರುಗಿಸಿದೆ. ಆಮೇಲೆ ಸಿಕ್ಕಿತು. ನಾಲ್ಕೇ ಸ್ವರ, ನಿಧಾನಕ್ಕೆ. ಅವನು ಕಣ್ಣಲ್ಲೇ ಹೇಳುತ್ತಿದ್ದ, ನಾನು ಒತ್ತುತ್ತಿದ್ದೆ.

ಅಪ್ಪ ನಡುವೆ ಒಂದು ಕ್ಷಣ ನಿಂತರು. ಘಂಟೆ ಕೈಯಲ್ಲೇ ನಿಂತಿತು. ಮತ್ತೆ ಮೊದಲಿನ ಸಾಲಿನಿಂದ ಶುರುಮಾಡಿದರು. ದಿನಾ ಮೂರು ಚರಣ ಹೇಳುವವರು ಇವತ್ತು ಏಳೂ ಹೇಳಿದರು. ಅಷ್ಟು ಚರಣ ಉಂಟೆಂದು ನನಗೆ ಗೊತ್ತೇ ಇರಲಿಲ್ಲ. ಆಮೇಲೆ ಪ್ರಸಾದ ಕೊಡಲು ಬಂದರು. ಅಣ್ಣನ ಬಲಗೈ ಖಾಲಿ ಇರಲಿಲ್ಲ, ಹಾಗಾಗಿ ಬಾಳೆಹಣ್ಣನ್ನು ಸುಲಿದು ಬಾಯಿಗೇ ಇಟ್ಟರು.

ಆಗಸ್ಟ್ 16

ನಾಳೆ ಡಾಕ್ಟರು. ಎಲ್ಲ ಒರೆಸಿ ಇಟ್ಟೆ. ಫ್ರೆಟ್ಟಿನ ತುದಿ ಈಗ ಚುಚ್ಚುವುದಿಲ್ಲ. ಬೇಡ ಎನ್ನಲಿಕ್ಕೆ ಅವರಿಗೆ ಒಂದು ಕಾರಣವೂ ಸಿಕ್ಕಲಿಕ್ಕಿಲ್ಲ. ಅಣ್ಣ ಇವತ್ತು ಬೆಂಚಿಗೆ ಬರಲಿಲ್ಲ. ನಾನೂ ಕರೆಯಲಿಲ್ಲ. ಪೆಟ್ಟಿಗೆಯ ಥರ್ಮೋಕೋಲನ್ನು ಅಟ್ಟದಿಂದ ಇಳಿಸಿಟ್ಟೆ.

ಆಗಸ್ಟ್ 17, ಭಾನುವಾರ

ಡಾಕ್ಟರ್ ಮೊರಿಸ್ ಹನ್ನೊಂದಕ್ಕೆ ಬಂದರು, ಹಿಶಾಮನ ಜೊತೆ. ಅರವತ್ತರ ಹತ್ತಿರದವರು, ತೆಳ್ಳಗೆ. ಕೈ ತೊಳೆಯಲು ನೀರು ಕೇಳಿದರು. ಆಮೇಲೆ ಕಿಸೆಯಿಂದ ಪುಟ್ಟ ಟಾರ್ಚ್ ತೆಗೆದು ಫ್ರೆಟ್ಟುಗಳ ಸಾಲನ್ನು ಒಂದೊಂದಾಗಿ ನೋಡಿದರು.

"ಎಂತ ಡಾಕ್ಟ್ರೇ, ಹುಳುಕು ಉಂಟಾ?" ಎಂದ ಹಿಶಾಮ್.

"ಇಲ್ಲ ಮಾರಾಯ. ದಿನಾ ಎರಡು ಸಲ ಉಜ್ಜಿದ ಹಾಗೆ ಉಂಟು."

ತೊಡೆಯ ಮೇಲಿಟ್ಟು ಬಾರಿಸಿದರು. ಹಿಶಾಮ್ ಹೇಳಿದ್ದು ಸರಿ, ಒಳ್ಳೆಯ ಕೈ. ಆದರೆ ಎರಡು ನಿಮಿಷದಲ್ಲಿ ನಿಲ್ಲಿಸಿದರು. ಮತ್ತೆ ಬಾರಿಸಿದರು. ಹುಬ್ಬು ಗಂಟಿಕ್ಕಿತು.

"ಇದನ್ನು ಯಾರ ಕೈಗೆ ಸೆಟ್ ಮಾಡಿದ್ದು? ಕತ್ತು ನೋಡಿದ್ರೆ ದೊಡ್ಡ ಕೈಯದ್ದು. ತಂತಿ ನೋಡಿದ್ರೆ ಸಣ್ಣ ಮಕ್ಕಳದ್ದು. ಬಲಗಡೆ ಗಾಳಿ ಬಡಿದ್ರೂ ಮೊಳಗ್ತದೆ. ನಾನು ಮುಟ್ಟಿದ್ರೆ ಎಲ್ಲ ಜಿರ್ರ್ ಅಂತದೆ. ಇಂಥದ್ದು ನಾನು ನೋಡ್ಲೇ ಇಲ್ಲ."

ನಾನು ಮುಂದೆ ಬಂದು ಹೇಳಿದೆ. "ಸೆಟ್ ಮಾಡಿದ್ದು ನಾನು ಸರ್. ತೋರಿಸ್ತೇವೆ, ಕೊಡಿ."

ಅಣ್ಣನ ಕಡೆ ನೋಡಿದೆ. ಅವನು ಅಷ್ಟು ಹೊತ್ತೂ ಬಾಗಿಲಿಗೆ ಒರಗಿ ನಿಂತಿದ್ದ. ಬಂದು ಬೆಂಚಿನ ಮೇಲೆ ಕೂತ. ನಾನು ಅವನ ಎಡಕ್ಕೆ ಕೂತು ಮೊಣಕೈ ಹಿಡಿದುಕೊಂಡೆ. ಅಪ್ಪನ ಹಾಡನ್ನು ಬಾರಿಸಿದೆವು, ಅಪ್ಪ ಇಲ್ಲದೆ. ಮೂರನೆಯ ಚರಣದಲ್ಲಿ ನಾನು ತಪ್ಪಿದೆ, ಅಣ್ಣ ತಂತಿಯನ್ನು ಅಂಗೈಯಿಂದ ಮುಚ್ಚಿ ಕಾದ, ಸೇರಿಕೊಂಡೆ.

ಮುಗಿದಾಗ ಹಿಶಾಮ್ ಕಿಟಕಿಯ ಕಡೆ ತಿರುಗಿ ಕನ್ನಡಕ ಒರೆಸುತ್ತಿದ್ದ. ಡಾಕ್ಟರು ಟಾರ್ಚನ್ನು ಆರಿಸಿ ಕಿಸೆಗೆ ಹಾಕಿದರು.

"ನಂಗೆ ಇಷ್ಟ ಆಯ್ತು" ಎಂದರು ನಿಧಾನಕ್ಕೆ. "ತಗೊಳ್ತೇನೆ. ಆದ್ರೆ ಮೊದಲೇ ಹೇಳ್ತೇನೆ ಸುಘೋಷರೇ, ಈ ಸೆಟ್ಟಿಂಗ್ ಪೂರಾ ಬಿಚ್ಚಿಸಬೇಕಾಗ್ತದೆ. ಇಲ್ಲದಿದ್ರೆ ನಂಗೆ ಬಾರಿಸ್ಲಿಕ್ಕೆ ಆಗುದಿಲ್ಲ."

ಅಣ್ಣ ಗಿಟಾರನ್ನು ತೊಡೆಯಿಂದ ಇಳಿಸಲಿಲ್ಲ.

"ಪೂರಾನಾ?" ಎಂದು ಕೇಳಿದ.

"ಪೂರಾ."

"ಎರಡು ತಿಂಗಳು ಹಿಡಿಯಿತು ಡಾಕ್ಟ್ರೇ ಇದಕ್ಕೆ" ಎಂದ ಅಣ್ಣ. ನನ್ನನ್ನು ತೋರಿಸಿದ, ಗಲ್ಲದಿಂದ, ಕೈ ಖಾಲಿ ಇರಲಿಲ್ಲವಲ್ಲ. "ಇವಳು ಒಂದೊಂದೇ ಸ್ಕ್ರೂ... ಇಲ್ಲ, ಆಗ್ಲಿಕ್ಕಿಲ್ಲ. ತಪ್ಪು ತಿಳ್ಕೊಬೇಡಿ. ನೀವು ಅಷ್ಟು ದೂರದಿಂದ ಬಂದದ್ದು."

ಡಾಕ್ಟರು ತಪ್ಪು ತಿಳಿದುಕೊಳ್ಳಲಿಲ್ಲ. ಊಟ ಮಾಡಿಯೇ ಹೋಗಬೇಕೆಂದು ಅಪ್ಪ ಹಟ ಹಿಡಿದರು. ಡಾಕ್ಟರು ಕೆಸುವಿನೆಲೆಯ ಪತ್ರೊಡೆಯನ್ನು ಎರಡು ಸಲ ಕೇಳಿ ಹಾಕಿಸಿಕೊಂಡರು. ಹಿಶಾಮ್ ಮಾತ್ರ ನಾಲ್ಕು ಸಲ. "ಭಟ್ರೇ, ನಂಗೆ ನಷ್ಟ ಮಾಡಿದ್ರಿ, ಇಷ್ಟಾದ್ರೂ ತಿನ್ನುವ" ಎಂದು.

ಅವರನ್ನು ಕಳಿಸಿ ಬರುವಾಗ ನೆನಪಾಯಿತು, ಡಾಕ್ಟರು ಜೋರು ಮೀಟಿದ್ದರಲ್ಲ, ಎರಡನೆಯ ತಂತಿಯ ಕುದುರೆ ಸ್ವಲ್ಪ ಕೂತಿರಬಹುದು. ನೋಡಬೇಕು.

ಆಗಸ್ಟ್ 19

ಕೂತದ್ದು ಹೌದು. ಸರಿ ಮಾಡಿದೆ. ಚೌತಿಗೆ ಕೊಡಬೇಕಾದ ಆರು ಬ್ಲೌಸ್ ಬಾಕಿ ಉಂಟು. ಅಣ್ಣ ಆಗಲೇ ಬೆಂಚಿನ ಮೇಲೆ ಕೂತು ಕರೆಯುತ್ತಿದ್ದಾನೆ, ಹೊಸ ಹಾಡಂತೆ, ಕಿರುಬೆರಳಿಗೆ ಕಷ್ಟದ್ದಂತೆ. ಬರೆಯಲು ಪುರುಸೊತ್ತಿಲ್ಲ.